ನೋವು ಶುರುವಾಗುವ ಮೊದಲೇ ಔಷಧಿ

ಪುಟ್ಟ ಮಗುವಿಗೆ ಹರ್ನಿಯಾ ಆಪರೇಷನ್ ಇದೆಯೇ? ‘ಬೆನ್ನಿಗೆ ಇಂಜೆಕ್ಷನ್ ಕೊಡ್ತಾರಂತೆ’ ಎಂದು ಗಾಬರಿಯಾಗಬೇಡಿ. ಸಾಮಾನ್ಯವಾಗಿ ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟ ಮೇಲೆಯೇ ಬೆನ್ನುಮೂಳೆಯ ತುದಿಯಲ್ಲಿ ಮರಗಟ್ಟಿಸುವ ಔಷಧಿ ಹಾಕುತ್ತಾರೆ. ಚುಚ್ಚಿದ್ದು ಮಗುವಿಗೆ ತಿಳಿಯುವುದಿಲ್ಲ. ಕಾಡಲ್ ಬ್ಲಾಕ್ ಎಂಬ ಈ ವಿಧಾನದಿಂದ ಮಾರ್ಫಿನ್‌ನಂಥ ಔಷಧಿಗಳ ಅಗತ್ಯ ಕಡಿಮೆಯಾಗುತ್ತದೆ. ಮಗುವಿಗೆ ರಕ್ತಸ್ರಾವದ ತೊಂದರೆ ಅಥವಾ ಅಲರ್ಜಿ ಇದ್ದರೆ ಮೊದಲೇ ಅರಿವಳಿಕೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಕಾಡಲ್ ಬ್ಲಾಕ್‌ನ ಪರಿಣಾಮ ಸಾಮಾನ್ಯವಾಗಿ 4ರಿಂದ 6 ಗಂಟೆ. ಅಷ್ಟು ಹೊತ್ತು ಕಾಲಿನಲ್ಲಿ ಶಕ್ತಿ ಇಲ್ಲದಂತಿರಬಹುದು. ಮಗುವನ್ನು ಒಂಟಿಯಾಗಿ ನಡೆಯಲು ಬಿಡಬೇಡಿ.

‘ಅಳುತ್ತಿಲ್ಲವಲ್ಲ, ಔಷಧಿ ಯಾಕೆ?’ ಎನ್ನಬೇಡಿ. ಮರಗಟ್ಟಿದ್ದು ಬಿಡುವ ಮೊದಲೇ ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಕೊಡಿ. ಅದರ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ ಇರುವುದರಿಂದ ಅಕ್ಕನಿಗೆ ಕೊಟ್ಟ ಅಳತೆ ತಮ್ಮನಿಗೆ ಸಲ್ಲದು. 5 ಮಿ.ಲೀ.ಗೆ 120 ಮಿ.ಗ್ರಾಂ., 250 ಮಿ.ಗ್ರಾಂ. ಎಂದು ಸಿರಪ್‌ಗಳ ಸಾಮರ್ಥ್ಯವೂ ಬೇರೆ ಬೇರೆ. ಬಾಟಲಿಯ ಚೀಟಿ ಓದಿಯೇ ಅಳೆಯಿರಿ. ವೈದ್ಯರನ್ನು ಕೇಳದೆ ಆಸ್ಪಿರಿನ್ ಮಾತ್ರ ಕೊಡಲೇಬೇಡಿ.

ಮಾತು ಬಾರದ ಕೂಸಿನ ನೋವನ್ನು ಮುಖ ಗಂಟಿಕ್ಕುವುದು, ಕಾಲು ಒದೆಯುವುದು, ಎತ್ತಿಕೊಂಡರೂ ಸಮಾಧಾನವಾಗದಿರುವುದರಿಂದ ಗುರುತಿಸಬಹುದು. ಹೇಳಿದ ಅವಧಿ ಮುಗಿದರೂ ಕಾಲು ಆಡಿಸದಿದ್ದರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿ.