ಎರಡು ಪಾಚಿ, ಎರಡು ಸುದ್ದಿ

ಕೆರೆ ನೀರಿನ ಮೇಲೆ ಹಸಿರಾಗಿ ಕಟ್ಟೋದನ್ನು ನಾವು ಪಾಚಿ ಅಂತೀವಿ. ಬಂಡೆ ಮೇಲೆ, ಮರದ ತೊಗಟೆ ಮೇಲೆ ಬೂದಿ ಬಣ್ಣದ ಚಕ್ಕೆಯಂತೆ ಅಂಟಿಕೊಂಡಿರೋದನ್ನೂ ಪಾಚಿ ಅಂತೀವಿ. ಹೆಸರು ಒಂದೇ. ಹೇಳುವ ಸುದ್ದಿ ಬೇರೆ ಬೇರೆ.

ಮೊದಲು ಮರದ ಪಾಚಿ ನೋಡೋಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಕಾಡಿನಿಂದ ತಂದು ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಮಾರುತ್ತಿದ್ದರು. ಅಂಗಡಿಯಲ್ಲಿ ಮಸಾಲೆ ಜೊತೆ ಸಿಗುವ ಕಲ್ಲುಹೂವು ಇದೇ ಜಾತಿಯದು. ಹೂವು ಅಂದರೂ ಇದು ಹೂವಲ್ಲ. ಒಂದು ಜೀವವೂ ಅಲ್ಲ, ಎರಡು. ಒಂದು ಪಾಚಿ, ಇನ್ನೊಂದು ಅಣಬೆ ಕುಲದ್ದು. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ಅಣಬೆ ಮನೆ ಕಟ್ಟಿ ನೆರಳು, ತೇವ ಕೊಡುತ್ತದೆ. ಕೂಡು ಸಂಸಾರ ಅನ್ನಿ.

ಈ ಸಂಸಾರಕ್ಕೆ ಬೇರಿಲ್ಲ. ಗಾಳಿ, ಮಂಜು, ಮಳೆ ತಂದಿದ್ದನ್ನೇ ಮೈಯೆಲ್ಲ ಹೀರುತ್ತದೆ. ಹೊಗೆಯ ವಿಷ ಬಂದರೆ ಅದನ್ನೂ ಹೀರುತ್ತದೆ, ಸಾಯುತ್ತದೆ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಹೊಗೆ ಇದಕ್ಕೆ ಆಗದು. 1866ರಲ್ಲಿ ನೈಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್ ಪಟ್ಟಣದಲ್ಲಿ ಇದನ್ನು ಗಮನಿಸಿದರು. ಅಲ್ಲಿನ ಒಂದು ದೊಡ್ಡ ತೋಟದಲ್ಲಿ ಈ ಪಾಚಿ ಇತ್ತು. ಹೊಗೆ ತುಂಬಿದ ಬೀದಿಗಳಲ್ಲಿ ಇರಲಿಲ್ಲ.

ಹಾಗಂತ ಪಾಚಿ ಇಲ್ಲದ ಕಡೆಯೆಲ್ಲ ಗಾಳಿ ಕೆಟ್ಟಿದೆ ಅನ್ನಬೇಡಿ. ಬೆಟ್ಟದಲ್ಲಿ ಮಂಜು ಹೆಚ್ಚು, ಚಾಮರಾಜನಗರದ ಬಯಲಿನಲ್ಲಿ ಬಿಸಿಲು ಹೆಚ್ಚು. ಒಂದೇ ಊರಿನ ಎರಡು ಮಾವಿನ ಮರ ನೋಡಿ. ಒಂದು ಲಾರಿ ಓಡುವ ರಸ್ತೆ ಬದಿಯದು, ಇನ್ನೊಂದು ತೋಟದ ಒಳಗಿನದು. ಆಗ ವ್ಯತ್ಯಾಸ ಕಂಡರೆ ಅದಕ್ಕೆ ಬೆಲೆ ಇದೆ.

ಇನ್ನು ಕೆರೆ ಪಾಚಿ. ಸ್ವಲ್ಪ ಇದ್ದರೆ ತಪ್ಪೇನಿಲ್ಲ, ಮೀನಿಗೆ ಅದೇ ಮೇವು. ಕೆರೆಗೆ ಕೆರೆಯೇ ಹಸಿರಾದರೆ ಯೋಚಿಸಬೇಕು. ಗುಂಡ್ಲುಪೇಟೆ ಕಡೆ ಅರಿಶಿನಕ್ಕೆ, ತರಕಾರಿಗೆ ಸರ್ಕಾರಿ ಗೊಬ್ಬರ ಹಾಕ್ತೀವಿ. ಪೈರು ತಿಂದು ಉಳಿದದ್ದು ಮಳೆ ನೀರಿನ ಜೊತೆ ಕೆರೆಗೆ ಹರಿಯುತ್ತದೆ. ಊರಿನ ಚರಂಡಿ, ಸೋಪಿನ ನೀರೂ ಸೇರುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರದಲ್ಲಿ ಪಾಚಿ ಬೆಳೆಸಿದ ಹಾಗಾಯ್ತು! ರಾತ್ರಿ ಈ ಪಾಚಿಯೂ ನೀರಿನಲ್ಲಿರುವ ಆಮ್ಲಜನಕವನ್ನೇ ಉಸಿರಾಡುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡೋದು ಅದಕ್ಕೇ.

ಇದರಲ್ಲಿ ನೀಲಿ-ಹಸಿರು ಪಾಚಿ ಅಂತ ಒಂದಿದೆ. ಇದರ ಕೆಲವು ಜಾತಿಗಳಲ್ಲಿ ವಿಷ ಇರುತ್ತದೆ. ಆ ನೀರು ಕುಡಿದ ದನ, ಕುರಿ ಸಾಯಬಹುದು. ಈಜಿದ ಮಕ್ಕಳಿಗೆ ಮೈ ಕಡಿತ ಬರಬಹುದು.

“ಕಾಯಿಸಿ ಕುಡಿದ್ರೆ ಆಯ್ತಲ್ಲ ಮೇಷ್ಟ್ರೇ?” ಅಂತ ಕೇಳ್ತೀರಿ. ಆಗಲ್ಲ. ಕಾಯಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ಈ ವಿಷ ಹೋಗೋದಿಲ್ಲ.

ಗುರುತಿಸೋದು ಹೇಗೆ? ಒಂದು ಉದ್ದನೆಯ ಕೋಲು ತಗೊಳ್ಳಿ. ಕೈ ಹಾಕಬೇಡಿ. ಕೋಲಿನಿಂದ ಪಾಚಿ ಎತ್ತಿ. ಕೂದಲಿನಂತೆ ಎಳೆ ಎಳೆಯಾಗಿ ಜೋತುಬಿದ್ದರೆ ಅದು ಸಾಮಾನ್ಯವಾಗಿ ಹಸಿರು ಪಾಚಿ. ಎಳೆ ಬಾರದೆ, ಕೋಲಿಗೆ ಬಣ್ಣ ಬಳಿದ ಹಾಗೆ ಅಂಟಿದರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಅಂಥ ನೀರಿಗೆ ದನ ಬಿಡಬೇಡಿ, ಮಕ್ಕಳನ್ನು ಇಳಿಸಬೇಡಿ. ಪಂಚಾಯ್ತಿಗೂ ಪಶುವೈದ್ಯರಿಗೂ ಅವತ್ತೇ ತಿಳಿಸಿ.

ಬೋರ್‌ವೆಲ್ ನೀರಿನ ವಿಷಯ ಬೇರೆ. ಅದರಲ್ಲಿರುವ ಫ್ಲೋರೈಡನ್ನು ಯಾವ ಪಾಚಿಯೂ ತೋರಿಸದು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲಿಗೆ, ಮೂಳೆಗೆ ಕೇಡು. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಪರೀಕ್ಷೆ ಮಾಡಿಸಲೇಬೇಕು.