ಹಳೆಯ ಗಣಕಯಂತ್ರದಲ್ಲಿ ಎರಡನೆಯ ಆಪರೇಟಿಂಗ್ ಸಿಸ್ಟಮ್

ಮನೆಯಲ್ಲಿರುವ ವಸ್ತುವನ್ನು ಚೆನ್ನಾಗಿ ಬಾಳಿಸುವುದು ಗೃಹಕೃತ್ಯದ ಮೊದಲನೆಯ ಪಾಠವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಗಣಕಯಂತ್ರದ ವಿಷಯದಲ್ಲಿ ಮಾತ್ರ ಆ ಪಾಠವನ್ನು ನಾವು ಬೇಗನೆ ಮರೆತುಬಿಡುವೆವು. ಹಿರಿಯ ಮಗಳ ಓದಿಗಾಗಿ ಹತ್ತು ವರ್ಷಗಳ ಹಿಂದೆ ಹಣ ಕೂಡಿಸಿ ಕೊಂಡ ಯಂತ್ರವು ನಿಧಾನವಾಯಿತೆಂದು ಕಪಾಟಿನ ಮೇಲೇರುವುದು. ಕಿರಿಯ ಮಗಳು ಅಂಗೈಯಗಲದ ಮೊಬೈಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಪಾಠ ಬರೆಯುವಳು. ಇಂಥ ಯಂತ್ರಗಳಲ್ಲಿ ಬಹಳಷ್ಟು ಸತ್ತವುಗಳಲ್ಲ. ಅವುಗಳಿಗೆ ಎರಡನೆಯ ಆಯುಷ್ಯವನ್ನು ಕೊಡುವ ಉಪಾಯವೊಂದುಂಟು. ಅದನ್ನು ಕ್ರಮವಾಗಿ ತಿಳಿಸುವುದೇ ಈ ಲೇಖನದ ಉದ್ದೇಶವಾಗಿರುವುದು.

ಆಪರೇಟಿಂಗ್ ಸಿಸ್ಟಮ್ ಎಂದರೇನು?

ಗಣಕಯಂತ್ರದ ಒಳಗೆ ಲೆಕ್ಕ ಮಾಡುವ ಪ್ರೊಸೆಸರು, ತಾತ್ಕಾಲಿಕ ನೆನಪಾದ ರ್‍ಯಾಮ್, ಕಡತಗಳನ್ನಿಡುವ ಹಾರ್ಡ್ ಡಿಸ್ಕ್, ತೆರೆ, ಕೀಲಿಮಣೆ ಮೊದಲಾದ ಅಂಗಗಳಿರುವುವಷ್ಟೆ. ಇವುಗಳಿಗೆ ಕೆಲಸ ಹಂಚಿ, ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸಿ, ನಾವು ತೆರೆಯುವ ಪ್ರತಿಯೊಂದು ಪ್ರೋಗ್ರಾಮಿಗೂ ಸ್ಥಳ ಕೊಡತಕ್ಕ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವುದು ವಿಂಡೋಸ್. ಅದರ ೧೦ನೆಯ ಆವೃತ್ತಿಯು ೨೦೧೫ರಲ್ಲಿ ಹೊರಟಿತು. ಅದಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ಕೊಡುತ್ತಿದ್ದ ಸಾಧಾರಣ ರಕ್ಷಣಾ ತಿದ್ದುಪಡಿಗಳು ೨೦೨೫ನೆಯ ಇಸವಿ ಅಕ್ಟೋಬರ್ ೧೪ಕ್ಕೆ ನಿಂತುಹೋದುವು. ಹೆಸರು ನೋಂದಾಯಿಸಿಕೊಂಡ ಗೃಹಸ್ಥರಿಗೆ ೨೦೨೬ನೆಯ ಅಕ್ಟೋಬರ್ ೧೩ರ ವರೆಗೆ ಒಂದು ವರ್ಷದ ಅವಧಿಯು ಹೆಚ್ಚಾಗಿ ದೊರೆಯಿತು. ೨೦೨೧ರಲ್ಲಿ ಬಂದ ೧೧ನೆಯ ಆವೃತ್ತಿಯಾದರೋ ಟಿಪಿಎಮ್ ೨.೦ ಎಂಬ ರಕ್ಷಣಾ ಸಾಧನವನ್ನು ಬೇಡುವುದು. ಇಂಟೆಲ್ ಕಂಪೆನಿಯ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು, ಕೆಲವು ಹೊರತಾಗಿ, ಅಂಗೀಕರಿಸುವುದಿಲ್ಲ. ಆದಕಾರಣ ಅಂಗಾಂಗಗಳೆಲ್ಲ ಸರಿಯಾಗಿರುವ ಯಂತ್ರವೂ ಮುಂದೆ ಹೋಗಲಾರದೆ, ಹಿಂದೆ ನಿಲ್ಲಲಾರದೆ ಉಳಿಯುವುದು.

ಇಲ್ಲಿ ನಮಗೆ ನೆರವಾಗತಕ್ಕದ್ದು ಲಿನಕ್ಸ್. ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಇದರ ತಿರುಳನ್ನು ಬರೆದು ಪ್ರಕಟಿಸಿದರು. ರಿಚರ್ಡ್ ಸ್ಟಾಲ್‌ಮನ್ ಎಂಬವರು ೧೯೮೩ರಲ್ಲಿ ಘೋಷಿಸಿದ ಗ್ನೂ ಎಂಬ ಯೋಜನೆಯ ಸಲಕರಣೆಗಳು ಅದಕ್ಕೆ ಜೊತೆಯಾದುವು. ಯಾರು ಬೇಕಾದರೂ ಅದನ್ನು ಪಡೆಯಬಹುದು, ನಕಲು ಮಾಡಬಹುದು, ತಿದ್ದಬಹುದು, ನೆರೆಯವರಿಗೆ ಕೊಡಬಹುದು. ಲಿನಕ್ಸಿನಲ್ಲಿ ಅನೇಕ ಬಗೆಗಳಿರುವುವು. ಹೊಸಬರಿಗೆ ಸುಲಭವಾದ ಲಿನಕ್ಸ್ ಮಿಂಟ್ ಎಂಬುದನ್ನು ಈ ಪಾಠಕ್ಕೆ ಆರಿಸಿಕೊಂಡಿರುವೆವು. ಅದರ ೨೨ನೆಯ ಶ್ರೇಣಿಗೆ ೨೦೨೯ರ ವರೆಗೆ ತಿದ್ದುಪಡಿಗಳು ಗೊತ್ತಾಗಿವೆ. ಅದಕ್ಕೆ ಕನಿಷ್ಠ ೨ ಜಿಬಿ ರ್‍ಯಾಮ್ ಮತ್ತು ೨೦ ಜಿಬಿ ಸ್ಥಳ ಬೇಕು. ೪ ಜಿಬಿ ರ್‍ಯಾಮ್ ಮತ್ತು ೧೦೦ ಜಿಬಿ ಸ್ಥಳವಿದ್ದರೆ ಕೆಲಸವು ಸುಗಮವಾಗುವುದು. ಹಳೆಯ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರಾದ ರೂಪವು ತಕ್ಕದ್ದು.

ಒಂದನ್ನು ತೆಗೆಯದೆ ಎರಡನ್ನೂ ಇಡುವುದೇಕೆ?

ವಿಂಡೋಸನ್ನು ಅಳಿಸಿಬಿಟ್ಟರೆ ಕೆಲಸ ಸುಲಭವಲ್ಲವೇ ಎಂದು ಕೆಲವರು ಕೇಳಬಹುದು. ಸುಲಭವು ಹೌದು, ಆದರೆ ಮನೆಯವರ ಹಳೆಯ ಬರವಣಿಗೆಯು ಅದರಲ್ಲಿರುವುದು. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಯೂನಿಕೋಡ್ ಪದ್ಧತಿಯು ರೂಢಿಗೆ ಬರುವ ಮೊದಲು ಬೆರಳಚ್ಚು ಮಾಡಿದ ಕನ್ನಡ ಕಡತಗಳು ಬೇರೆ ಕಡೆ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುವುವು. ತಂದೆಯವರು ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದಿರಬಹುದು. ಹಳೆಯ ಮುದ್ರಣಯಂತ್ರವೊಂದು ವಿಂಡೋಸಿಗೆ ಮಾತ್ರ ಓಗೊಡಬಹುದು. ಆದುದರಿಂದ ಡಿಸ್ಕಿನ ಒಂದು ಭಾಗವನ್ನು ಹಳೆಯದಕ್ಕೆ ಬಿಟ್ಟು, ಇನ್ನೊಂದು ಭಾಗದಲ್ಲಿ ಹೊಸದನ್ನು ನಿಲ್ಲಿಸಿ, ಯಂತ್ರವನ್ನು ಹಚ್ಚುವಾಗ ಬೇಕಾದುದನ್ನು ಆರಿಸಿಕೊಳ್ಳುವುದು ಗೃಹಸ್ಥರಿಗೆ ಕ್ಷೇಮಕರವಾದ ಮಾರ್ಗವು.

ಮೊದಲನೆಯ ಹೆಜ್ಜೆ: ನಕಲು

ಈ ಲೇಖನದಲ್ಲಿ ಓದುಗರು ಒಂದೇ ಮಾತನ್ನು ನೆನಪಿಡುವುದಾದರೆ ಈ ಮಾತನ್ನು ನೆನಪಿಡಲಿ: ನಕಲಿಲ್ಲದೆ ಡಿಸ್ಕನ್ನು ಮುಟ್ಟಬಾರದು. ಯಂತ್ರ ಕೆಟ್ಟರೆ ಬೇರೆ ಕೊಳ್ಳಬಹುದು. ತೀರಿಹೋದ ಅಜ್ಜಿಯ ಭಾವಚಿತ್ರವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಇಲ್ಲಿ ಬಹು ಮಂದಿಗೆ ಒಂದು ಭ್ರಾಂತಿಯುಂಟು. ‘ಸಿ’ ಡ್ರೈವಿನಲ್ಲಿದ್ದುದನ್ನು ‘ಡಿ’ ಡ್ರೈವಿಗೆ ಹಾಕಿದೆವು, ಇನ್ನು ಭಯವಿಲ್ಲ ಎಂದು ಅವರು ತಿಳಿಯುವರು. ಮನೆಯ ಯಂತ್ರಗಳಲ್ಲಿ ಇವೆರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಹೋದರೆ ಎರಡೂ ಒಟ್ಟಿಗೆ ಹೋಗುವುವು. ನಕಲು ಹೊರಗಿನ ಬೇರೆ ಡಿಸ್ಕಿನಲ್ಲಿಯೋ ದೊಡ್ಡ ಪೆನ್ ಡ್ರೈವಿನಲ್ಲಿಯೋ ಇರಬೇಕು. ನಕಲಾಯಿತೆಂದು ಸುಮ್ಮನಿರದೆ, ಅದನ್ನು ಇನ್ನೊಂದು ಯಂತ್ರಕ್ಕೆ ಸೇರಿಸಿ, ಕೆಲವು ಚಿತ್ರಗಳನ್ನೂ ಅಂಕಪಟ್ಟಿಗಳನ್ನೂ ತೆರೆದು ನೋಡಬೇಕು. ತೆರೆದು ನೋಡದ ನಕಲನ್ನು ನಂಬಲಾಗದು.

ಎರಡನೆಯ ಹೆಜ್ಜೆ: ವಿಂಡೋಸಿನೊಳಗೆ ಮಾಡತಕ್ಕ ಸಿದ್ಧತೆ

ಡಿಸ್ಕ್ ಬಿಟ್‌ಲಾಕರ್ ಎಂಬ ಬೀಗದಲ್ಲಿ ಇದೆಯೋ ಎಂದು ನೋಡಿರಿ. ಇದ್ದರೆ ಅದರ ೪೮ ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಯಂತ್ರವು ಹೊರಡುವ ಕ್ರಮ ಬದಲಾದಾಗ ಅದು ಈ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಒಳಗಿನದು ಯಾರಿಗೂ ದೊರೆಯದು. ಆ ಬೀಗವನ್ನು ತೆಗೆದು ಮುಂದುವರಿಯುವುದು ಇನ್ನೂ ಉತ್ತಮ.

ಬಳಿಕ ಪವರ್ ಆಯ್ಕೆಗಳಲ್ಲಿರುವ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ನಿಲ್ಲಿಸಬೇಕು. ಇದು ನಡೆಯುತ್ತಿರುವ ತನಕ ‘ಶಟ್ ಡೌನ್’ ಮಾಡಿದರೂ ವಿಂಡೋಸ್ ಪೂರ್ತಿಯಾಗಿ ಮಲಗುವುದಿಲ್ಲ. ತನ್ನ ಸ್ಥಿತಿಯ ಒಂದಂಶವನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ರೆಯಲ್ಲಿರುವುದು. ಆ ಸ್ಥಿತಿಯಲ್ಲಿ ಬೇರೆ ವ್ಯವಸ್ಥೆಯು ಅದರ ಭಾಗದಲ್ಲಿ ಏನಾದರೂ ಬರೆದರೆ ಕಡತಗಳು ಕೆಡುವ ಸಂಭವವುಂಟು.

ಆಮೇಲೆ ಸ್ಥಳ ಬಿಡಿಸುವ ಕೆಲಸ. ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ದೊಡ್ಡ ಭಾಗವನ್ನು ಆರಿಸಿ ‘ಶ್ರಿಂಕ್ ವಾಲ್ಯೂಮ್’ ಎಂಬುದರಿಂದ ಅದನ್ನು ಕುಗ್ಗಿಸಬೇಕು. ೫೦೦ ಜಿಬಿ ಡಿಸ್ಕಿನಲ್ಲಿ ೧೦೦ ಜಿಬಿ ಬಿಡಿಸಿದರೆ ಧಾರಾಳವಾಯಿತು. ಇಕ್ಕಟ್ಟಿದ್ದರೆ ೫೦ ಜಿಬಿ ಸಾಕು. ಬಿಡಿಸಿದ ಜಾಗವನ್ನು ಹಾಗೆಯೇ ಖಾಲಿ ಬಿಡತಕ್ಕದ್ದು; ಅದಕ್ಕೆ ಹೊಸ ಅಕ್ಷರದ ಡ್ರೈವನ್ನು ಮಾಡಬಾರದು. ಬಹು ಹಳೆಯ ಯಂತ್ರಗಳಲ್ಲಿ ಎಂಬಿಆರ್ ಎಂಬ ಪದ್ಧತಿಯಿರುವುದು. ಅದರಲ್ಲಿ ಮುಖ್ಯ ಭಾಗಗಳು ನಾಲ್ಕಕ್ಕಿಂತ ಹೆಚ್ಚು ಇರಲಾರವು. ನಾಲ್ಕೂ ಆಗಲೇ ತುಂಬಿದ್ದರೆ ಖಾಲಿ ಜಾಗವಿದ್ದರೂ ಅದು ಉಪಯೋಗಕ್ಕೆ ಬಾರದು. ಆಗ ವಿಂಡೋಸ್ ‘ಡೈನಮಿಕ್ ಡಿಸ್ಕ್’ ಮಾಡಲೇ ಎಂದು ಕೇಳಿದರೆ ಒಪ್ಪದೆ, ಅಲ್ಲಿಯೇ ನಿಲ್ಲಿಸಿ, ಬಲ್ಲವರನ್ನು ಕರೆಯುವುದು ಲೇಸು.

ಕೊನೆಯದಾಗಿ, ಸಿಸ್ಟಮ್ ಇನ್‌ಫರ್ಮೇಷನ್ ಎಂಬಲ್ಲಿ ‘ಬಯೋಸ್ ಮೋಡ್’ ಎಂಬುದರ ಮುಂದೆ ಯೂಈಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ ನೋಡಿ ಬರೆದಿಟ್ಟುಕೊಳ್ಳಿರಿ. ಹಳೆಯದು ಯಾವ ವಿಧದಲ್ಲಿ ಹೊರಡುವುದೋ ಹೊಸದನ್ನೂ ಅದೇ ವಿಧದಲ್ಲಿ ನಿಲ್ಲಿಸಬೇಕು. ಇಲ್ಲವಾದರೆ ಎರಡನ್ನೂ ಒಂದೇ ಪಟ್ಟಿಯಿಂದ ಆರಿಸಿಕೊಳ್ಳುವುದು ಕಷ್ಟವಾಗುವುದು.

ಮೂರನೆಯ ಹೆಜ್ಜೆ: ಸ್ಥಾಪಿಸದೆ ಪರೀಕ್ಷಿಸುವುದು

ಲಿನಕ್ಸ್ ಮಿಂಟಿನ ಕಡತವನ್ನು ಅದನ್ನು ತಯಾರಿಸುವವರ ಸ್ವಂತ ತಾಣದಿಂದಲೇ ಪಡೆಯಿರಿ. ಅಲ್ಲಿ ೬೪ ಅಕ್ಷರಗಳ ಒಂದು ಪರೀಕ್ಷಾ ಮುದ್ರೆಯನ್ನೂ ಕೊಟ್ಟಿರುವರು. ನಮಗೆ ದೊರೆತ ಕಡತದಿಂದ ಅದೇ ಮುದ್ರೆಯು ಬಂದರೆ ಕಡತವು ದಾರಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯಬಹುದು. ರೂಫಸ್ ಅಥವಾ ಬಲೇನಾ ಎಚರ್ ಎಂಬ ಸಾಧನದಿಂದ ಅದನ್ನು ೮ ಜಿಬಿಯ ಪೆನ್ ಡ್ರೈವಿಗೆ ಬರೆಯಬೇಕು. ಹೀಗೆ ಬರೆದಾಗ ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುವುದು. ಆದುದರಿಂದ ನಕಲಿಟ್ಟ ಪೆನ್ ಡ್ರೈವನ್ನು ಇದಕ್ಕೆ ಬಳಸದಂತೆ ಎಚ್ಚರವಿರಲಿ.

ಯಂತ್ರವನ್ನು ಹಚ್ಚಿದ ಕೂಡಲೆ ಒಂದು ಕೀಲಿಯನ್ನು ಒತ್ತಿದರೆ ಎಲ್ಲಿಂದ ಹೊರಡಬೇಕೆಂಬ ಪಟ್ಟಿ ಬರುವುದು. ಡೆಲ್ ಮತ್ತು ಲೆನೋವೋ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಎಫ್ ೧೨, ಎಚ್‌ಪಿಯಲ್ಲಿ ಎಫ್ ೯. ಪೆನ್ ಡ್ರೈವನ್ನು ಆರಿಸಿದರೆ ಲಿನಕ್ಸ್ ಅಲ್ಲಿಂದಲೇ ನಡೆಯತೊಡಗುವುದು. ನಾವಾಗಿ ಆಜ್ಞೆ ಕೊಡುವ ತನಕ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯದು. ಇದು ಈ ವ್ಯವಸ್ಥೆಯ ದೊಡ್ಡ ಉಪಕಾರವು. ವೈಫೈ ಸಿಕ್ಕುವುದೋ, ಧ್ವನಿ ಕೇಳುವುದೋ, ಕ್ಯಾಮರಾ ಕಾಣುವುದೋ, ಮುದ್ರಣಯಂತ್ರ ಓಗೊಡುವುದೋ ಎಂದು ಒಂದೊಂದಾಗಿ ನೋಡಿರಿ. ಕೆಲವು ಬ್ರಾಡ್‌ಕಾಮ್ ವೈಫೈ ಸಾಧನಗಳಿಗೆ ಪ್ರತ್ಯೇಕ ಡ್ರೈವರು ಬೇಕಾಗುವುದು. ಆಗ ಮೊಬೈಲನ್ನು ತಂತಿಯಿಂದ ಸೇರಿಸಿ ಅದರ ಇಂಟರ್ನೆಟ್ಟಿನಿಂದ ಅದನ್ನು ತರಿಸಿಕೊಳ್ಳಬಹುದು. ಪೆನ್ ಡ್ರೈವಿನಿಂದ ನಡೆಯುವಾಗ ಸ್ವಲ್ಪ ನಿಧಾನವಿರುವುದು ಸಹಜ.

ನಾಲ್ಕನೆಯ ಹೆಜ್ಜೆ: ಸ್ಥಾಪನೆ

ಚಾರ್ಜರನ್ನು ಸಿಕ್ಕಿಸಿಯೇ ಈ ಕೆಲಸಕ್ಕೆ ಕೈಹಾಕಬೇಕು; ನಡುವೆ ಬ್ಯಾಟರಿ ಮುಗಿದರೆ ತೊಂದರೆಯಾಗುವುದು. ಭಾಷೆ, ಕೀಲಿಮಣೆ ಮೊದಲಾದವನ್ನು ಕೇಳಿದ ಮೇಲೆ ಮುಖ್ಯವಾದ ಪ್ರಶ್ನೆಯೊಂದು ಬರುವುದು. ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸು ಎಂಬುದು ಒಂದು ಉತ್ತರ; ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಸ್ಥಾಪಿಸು ಎಂಬುದು ಇನ್ನೊಂದು. ಮೊದಲನೆಯದನ್ನೇ ಆರಿಸತಕ್ಕದ್ದು. ಆ ಉತ್ತರವು ತೆರೆಯ ಮೇಲೆ ಕಾಣದಿದ್ದರೆ, ವಿಂಡೋಸ್ ಇರುವುದನ್ನು ಸ್ಥಾಪಕವು ಗುರುತಿಸಿಲ್ಲವೆಂದು ಅರ್ಥ. ಆಗ ಅವಸರಪಟ್ಟು ಎರಡನೆಯದನ್ನು ಒತ್ತದೆ, ಕೆಲಸವನ್ನು ನಿಲ್ಲಿಸಿ, ಹಿಂದಿನ ಸಿದ್ಧತೆಯನ್ನು ಪುನಃ ನೋಡಬೇಕು. ಭಾಗಗಳ ಪಟ್ಟಿಯನ್ನು ತೋರಿಸಿ ಒಪ್ಪಿಗೆ ಕೇಳಿದಾಗ ಗಟ್ಟಿಯಾಗಿ ಓದಿ, ಜೊತೆಗಿರುವವರಿಗೂ ಕೇಳಿಸಿ, ಬಳಿಕ ಒಪ್ಪಿರಿ. ಉಳಿದ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುವುದು.

ಮುಗಿದು ಮತ್ತೆ ಹಚ್ಚಿದಾಗ ಗ್ರಬ್ ಎಂಬ ಪಟ್ಟಿಯಲ್ಲಿ ಎರಡು ಹೆಸರುಗಳೂ ಕಾಣಬೇಕು. ಮೊದಲು ವಿಂಡೋಸನ್ನು ತೆರೆದು ಕಡತಗಳು ಕ್ಷೇಮವಾಗಿವೆಯೋ ನೋಡಿ, ಅನಂತರ ಲಿನಕ್ಸಿಗೆ ಬನ್ನಿರಿ.

ಮುಂದೆ ಬರಬಹುದಾದ ತೊಡಕುಗಳು

ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರವು ಐದೂವರೆ ಗಂಟೆ ತಪ್ಪಿ ತೋರಿದರೆ ಗಾಬರಿಪಡಬೇಡಿರಿ. ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ಭಾರತದ ವೇಳೆಯನ್ನೂ ಲಿನಕ್ಸ್ ಅಂತರರಾಷ್ಟ್ರೀಯ ವೇಳೆಯನ್ನೂ ಬರೆಯುವುವು. ಈ ಎರಡರ ಅಂತರವೇ ಐದೂವರೆ ಗಂಟೆ. ಸ್ಥಳೀಯ ವೇಳೆಯನ್ನೇ ಇಡುವಂತೆ ಲಿನಕ್ಸಿಗೆ ಒಮ್ಮೆ ಹೇಳಿದರೆ ಸಾಕು. ವಿಂಡೋಸಿನ ಹೊಸ ತಿದ್ದುಪಡಿ ಬಂದಾಗ ಗ್ರಬ್ ಪಟ್ಟಿ ಮರೆಯಾಗುವುದೂ ಉಂಟು. ೨೦೨೪ರ ಆಗಸ್ಟ್ ತಿಂಗಳಿನ ಒಂದು ತಿದ್ದುಪಡಿಯಿಂದ ಎರಡು ವ್ಯವಸ್ಥೆಗಳಿದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಹೊರಡದೆ ಹೋಯಿತು. ಆದುದರಿಂದ ಸ್ಥಾಪನೆಯ ಪೆನ್ ಡ್ರೈವನ್ನು ಅಳಿಸದೆ ಜೋಪಾನವಾಗಿಡಿರಿ. ಲಿನಕ್ಸ್ ಬೇಡವೆನಿಸಿದರೂ ಅದರ ಭಾಗವನ್ನು ಥಟ್ಟನೆ ಅಳಿಸಬಾರದು. ವಿಂಡೋಸ್ ತಾನಾಗಿ ಹೊರಡುವಂತೆ ಮೊದಲು ಸರಿಪಡಿಸಿಕೊಂಡು ಆಮೇಲೆ ಅಳಿಸಬೇಕು.

ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆಯನ್ನು ಅನುಸರಿಸಿ ನುಡಿಯಲ್ಲಿ ಬಳಕೆಗೆ ಬಂದ ವಿನ್ಯಾಸವು ಲಿನಕ್ಸಿನಲ್ಲಿಯೂ ಕೆಜಿಪಿ ಎಂಬ ಹೆಸರಿನಿಂದ ದೊರೆಯುವುದು. ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳೂ ಉಂಟು. ಪತ್ರ, ಲೆಕ್ಕ, ಪ್ರಬಂಧಗಳಿಗೆ ಲಿಬ್ರೆ ಆಫೀಸ್ ಇರುವುದು. ಬ್ಯಾಂಕಿನ ವ್ಯವಹಾರ, ಅರ್ಜಿ ತುಂಬುವುದು, ಪಾಠ ನೋಡುವುದು ಮೊದಲಾದ ಇಂಟರ್ನೆಟ್ಟಿನ ಕೆಲಸಗಳನ್ನು ಲಿನಕ್ಸಿನಲ್ಲಿ ಇಟ್ಟುಕೊಂಡು, ತಿದ್ದುಪಡಿ ನಿಂತ ವಿಂಡೋಸನ್ನು ಇಂಟರ್ನೆಟ್ಟಿಗೆ ಸೇರಿಸದೆ ಹಳೆಯ ಕಡತಗಳಿಗೆ ಮಾತ್ರ ತೆರೆಯುವುದು ವಿವೇಕವು. ಯಂತ್ರದ ರ್‍ಯಾಮ್ ಇದರಿಂದ ಹೆಚ್ಚದು, ಸವೆದ ಡಿಸ್ಕ್ ಹೊಸದಾಗದು. ತಿರುಗುವ ಹಳೆಯ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸಿದರೆ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಾಗುವುದು.

ಪೋಷಕರಿಗೆ ಒಂದು ಬಿನ್ನಹ

ಈ ಕೆಲಸವನ್ನು ಮನೆಯ ಹುಡುಗನಿಗೋ ಅಂಗಡಿಯವನಿಗೋ ಒಪ್ಪಿಸಿ, ಹುಡುಗಿಯನ್ನು ದೂರ ಕೂಡಿಸಬೇಡಿರಿ. ಒಂದು ರಜಾದಿನದ ಬೆಳಗ್ಗೆ ತಾಯಿಯೂ ಮಗಳೂ ಕೂಡಿ ಕುಳಿತು, ಒಬ್ಬರು ಓದುತ್ತ ಇನ್ನೊಬ್ಬರು ಮಾಡುತ್ತ ಹೋದರೆ ಇದರಲ್ಲಿ ಅಸಾಧ್ಯವಾದುದೇನೂ ಇಲ್ಲ. ಆರಂಭಕ್ಕೆ ಮೊದಲು ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿರಿ: ನಮ್ಮ ನಕಲು ಎಲ್ಲಿದೆ, ಅದನ್ನು ತೆರೆದು ನೋಡಿದೆವೋ? ಬೀಗದ ಕೀಲಿಯ ಅಂಕಿಗಳು ಕಾಗದದಲ್ಲಿವೆಯೋ? ಪೆನ್ ಡ್ರೈವಿನಿಂದ ನಡೆಯಿಸಿ ಎಲ್ಲ ಅಂಗಗಳನ್ನೂ ಪರೀಕ್ಷಿಸಿದೆವೋ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಧೈರ್ಯವಾಗಿ ಮುಂದುವರಿಯಬಹುದು. ಒಂದಕ್ಕಾದರೂ ಇಲ್ಲವೆಂದರೆ ಆ ದಿನ ನಿಲ್ಲಿಸಿ, ಅದನ್ನು ಮುಗಿಸಿಕೊಂಡು ಮರುದಿನ ಕುಳಿತುಕೊಳ್ಳಿರಿ. ಕಪಾಟಿನ ಮೇಲೆ ಇಷ್ಟು ವರ್ಷ ಕಾದ ಯಂತ್ರವು ಇನ್ನೊಂದು ದಿನ ಕಾಯುವುದು.