ಕಣ್ಣಿಗೆ ಬಿಟ್ಟ ಹನಿ ಎಲ್ಲಿಗೆ ಹೋಗುತ್ತದೆ?



ಕೊಯ್ಲು, ಒಕ್ಕಣೆ ಶುರುವಾದರೆ ಕಣ್ಣಿಗೆ ಭತ್ತದ ಗರಿ ತಾಗುವುದು, ಹೊಟ್ಟು ಬೀಳುವುದು ಸಾಮಾನ್ಯ. ಆಗ ಸಂಘದ ಸಭೆಗಳಲ್ಲಿ ನಾವು ಕೇಳುವ ಮಾತು ಒಂದೇ: "ಮನೇಲಿ ಹಳೇ ಡ್ರಾಪ್ಸ್ ಇತ್ತು ಸಿಸ್ಟರ್, ಎರಡು ಹನಿ ಹಾಕ್ಕೊಂಡೆ. ಉರಿ ಕಮ್ಮಿ ಆಯ್ತು, ಬಿಟ್ಟುಬಿಟ್ಟೆ." ಹೀಗೆ ಮಾಡಿದರೆ ದೃಷ್ಟಿಯೇ ಹೋಗಬಹುದು. ಏಕೆಂದು ತಿಳಿಯೋಣ.

ಹನಿ ನಿಲ್ಲುವುದಿಲ್ಲ

ಬಾಟಲಿಯಿಂದ ಬಿದ್ದ ಒಂದು ಹನಿಯಷ್ಟನ್ನೂ ಕಣ್ಣು ಪೂರ್ತಿ ಹಿಡಿದುಕೊಳ್ಳಲಾರದು. ಹೆಚ್ಚಾದದ್ದು ಕೆನ್ನೆಗೆ ಹರಿಯುತ್ತದೆ. ಉಳಿದದ್ದನ್ನು ಕಣ್ಣೀರು ತೆಳ್ಳಗೆ ಮಾಡುತ್ತದೆ. ರೆಪ್ಪೆ ಬಡಿದಂತೆಲ್ಲ ಮದ್ದು ಮೂಗಿನ ಕಡೆಯ ಸಣ್ಣ ತೂತಿನಿಂದ ಗಂಟಲಿಗೆ ಇಳಿಯುತ್ತದೆ. ಡ್ರಾಪ್ಸ್ ಹಾಕಿದಾಗ ಬಾಯಿ ಕಹಿಯಾಗುವುದು ಇದಕ್ಕೇ. ನೂರು ಪಾಲು ಹಾಕಿದರೆ ಕಣ್ಣಿನ ಒಳಗೆ ಸೇರುವುದು ಐದು ಪಾಲಿಗಿಂತಲೂ ಕಡಿಮೆ. ಹುಣ್ಣಾದ ಕಣ್ಣಿಗೆ ಡಾಕ್ಟರು "ಗಂಟೆಗೊಮ್ಮೆ, ರಾತ್ರಿಯೂ ಹಾಕಿ" ಎನ್ನುವುದು ಆದ್ದರಿಂದಲೇ.

ಮೂರು ಪದರದ ಗೋಡೆ

ಕರಿಗುಡ್ಡೆಯ ಮೇಲೆ ಗಾಜಿನಂಥ ಪೊರೆಯಿದೆ, ಇದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಇದರ ಹೊರಪದರ ಜಿಡ್ಡಿನ ಗುಣದ್ದು, ನಡುವಿನದು ನೀರಿನ ಗುಣದ್ದು, ಒಳಗಿನದು ಮತ್ತೆ ಜಿಡ್ಡಿನ ಗುಣದ್ದು. ಕೆಸುವಿನ ಎಲೆಯ ಮೇಲೆ ನೀರು ಜಾರುವ ಹಾಗೆ, ನೀರಿನಲ್ಲಷ್ಟೇ ಕರಗುವ ಜೆಂಟಾಮೈಸಿನ್, ಟೋಬ್ರಾಮೈಸಿನ್ ಮದ್ದುಗಳು ಗಾಯವಿಲ್ಲದ ಹೊರಪದರವನ್ನು ದಾಟುವುದು ಕಷ್ಟ. ಹುಣ್ಣಾಗಿ ಆ ಪದರ ಕಿತ್ತಿದ್ದರೆ ಅವೂ ಒಳಗೆ ಹೋಗುತ್ತವೆ. ಮಾಕ್ಸಿಫ್ಲಾಕ್ಸಸಿನ್‌ಗೆ ಎರಡೂ ಗುಣವಿರುವುದರಿಂದ ಚೆನ್ನಾಗಿ ಇಳಿಯುತ್ತದೆ.

ಆದರೆ ಯಾವ ಹನಿಯೂ ಕಣ್ಣಿನ ಹಿಂಭಾಗಕ್ಕೆ ಸಾಕಷ್ಟು ತಲುಪದು. ಪೊರೆ ಆಪರೇಷನ್ ಆದವರಿಗೆ ನೋವು, ಕೆಂಪು ಹೆಚ್ಚಾಗಿ ದೃಷ್ಟಿ ಮಂದವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಳಗೆ ಸೋಂಕಾಗಿದ್ದರೆ ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡಬೇಕಾಗುತ್ತದೆ.

ಒಳಗೆ ಇಳಿದರೆ ಸಾಲದು

ಗರಿ, ಕಡ್ಡಿ ತಾಗಿದ ಗಾಯದಲ್ಲಿ ಎಷ್ಟೋ ಸಲ ಬೆಳೆಯುವುದು ಬೂಷ್ಟು, ಅಂದರೆ ಶಿಲೀಂಧ್ರ. ಆಂಟಿಬಯಾಟಿಕ್ ಅದನ್ನು ಕೊಲ್ಲದು. ಅದಕ್ಕೆ ನಾಟಾಮೈಸಿನ್ ಎಂಬ ಬೇರೆ ಮದ್ದಿದೆ. ಇದು ಆಳಕ್ಕೆ ಇಳಿಯುವುದು ಕಡಿಮೆ. ವೊರಿಕೊನಜೋಲ್ ಹೆಚ್ಚು ಇಳಿಯುತ್ತದೆ. ಆದರೂ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಟಾಮೈಸಿನ್ನೇ ಮೇಲು ಎಂದು ಕಂಡಿತು. ಆದ್ದರಿಂದ ಯಾವ ರೋಗಾಣು ಎಂದು ಪರೀಕ್ಷೆಯಾಗಬೇಕು. ಸ್ಟೀರಾಯ್ಡ್ ಬೆರೆತ ಡ್ರಾಪ್ಸ್ ಹಾಕಿದರೆ ಕೆಂಪು ಇಳಿಯುತ್ತದೆ, ಒಳಗೆ ಬೂಷ್ಟು ಹಬ್ಬುತ್ತದೆ. ಅಂಗಡಿಯಲ್ಲಿ ಕೇಳಿ ತಂದು ಹಾಕಲೇಬಾರದು. ಸೊಪ್ಪಿನ ರಸ, ಎದೆಹಾಲೂ ಬೇಡ.

ಹಾಕುವ ಕ್ರಮ

1. ಕೈಗೆ ಸೋಪು ಹಾಕಿ ತೊಳೆಯಿರಿ.
2. ಕೆಳರೆಪ್ಪೆ ಎಳೆದು ಆ ಚೀಲದಲ್ಲಿ ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು.
3. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ.
4. ಇನ್ನೊಂದು ಮದ್ದಿದ್ದರೆ ಐದು ನಿಮಿಷ ಬಿಟ್ಟು ಹಾಕಿ. ಇಲ್ಲವಾದರೆ ಮೊದಲಿನದು ತೊಳೆದುಹೋಗುತ್ತದೆ.
5. ನೋವು ಹೋಯಿತೆಂದು ನಿಲ್ಲಿಸಬೇಡಿ. ಡಾಕ್ಟರು ಹೇಳಿದಷ್ಟು ದಿನ ಹಾಕಿ.
6. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ.

ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಬೆಳಕು ನೋಡಲಾಗದಿದ್ದರೆ ಕೂಲಿ ಹೋಗುತ್ತದೆಂದು ಕಾಯಬೇಡಿ. ಹುಣ್ಣು ವಾಸಿಯಾದರೂ ಕಲೆ ಉಳಿದರೆ ದೃಷ್ಟಿ ಮರಳುವುದು ಕಷ್ಟ.

ಸಭೆಯಲ್ಲಿ ಚರ್ಚಿಸಿ

- ನಮ್ಮ ಮನೆಗಳಲ್ಲಿ ತೆರೆದಿಟ್ಟ ಹಳೆಯ ಡ್ರಾಪ್ಸ್ ಎಷ್ಟಿವೆ? ಏನು ಮಾಡೋಣ?
- ನಮಗೆ ಹತ್ತಿರದ ಕಣ್ಣಿನ ಡಾಕ್ಟರು ಎಲ್ಲಿದ್ದಾರೆ?
- ಕಣ್ಣಿಗೆ ಗಾಯವಾದ ಸದಸ್ಯೆಗೆ ಬಸ್ ಚಾರ್ಜು, ಮದ್ದಿಗಾಗಿ ಸಂಘದ ಉಳಿತಾಯದಿಂದ ಅದೇ ದಿನ ಸಾಲ ಕೊಡಲು ಠರಾವು ಮಾಡಬಹುದೇ?